ಸಹಾಯ ಬೇಕು: ಬೈಂಡ್ ಮೌಂಟ್ ಮಾಡಿದ ಫೈಲನ್ನ ಆನ್ಸಿಬಲ್‌ನಿಂದ ಬದಲಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಡಾಕರ್ ಕಂಟೇನರ್‌ನಲ್ಲಿ (ಹೋಸ್ಟ್ ಅಂದ್ರೆ ಮೂಲ ಯಂತ್ರದಿಂದ ಬೇರ್ಪಡಿಸಿ ಪ್ರೋಗ್ರಾಂ ಓಡಿಸೋ ಜಾಗ) ಎಂಜಿನ್‌ಎಕ್ಸ್ ವೆಬ್ ಸರ್ವರ್ ಓಡ್ತಿದೆ. ಅದರ ಸೆಟಪ್ಪನ್ನ ತಾನಾಗೇ ಮಾಡಿಸೋಕೆ ಆನ್ಸಿಬಲ್ ಟೂಲ್‌ನ ಡಾಕರ್ ಕನೆಕ್ಷನ್ ಬಳಸ್ತಿದ್ದೀನಿ, ಎಸ್‌ಎಸ್‌ಎಚ್ (ರಿಮೋಟ್ ಲಾಗಿನ್) ಇಲ್ಲ. ಇಮೇಜ್‌ಗೆ (ಕಂಟೇನರ್ ಶುರುವಾಗೋ ಮೂಲ ಪ್ಯಾಕೇಜ್) ಪೈಥಾನ್ ಸೇರಿಸಿದ ಮೇಲೆ ಪಿಂಗ್ ಮಾಡ್ಯೂಲ್‌ಗೆ 'ಪಾಂಗ್' ಬರ್ತಿದೆ, ಅಲ್ಲಿವರೆಗೂ ಸರಿ.

ತೊಂದರೆ ಮಾದರಿಯಿಂದ ಫೈಲ್ ತಯಾರಿಸಿ ಬರೆಯೋ ಟೆಂಪ್ಲೇಟ್ ಮಾಡ್ಯೂಲ್‌ದು. ಎಂಜಿನ್‌ಎಕ್ಸ್‌ನ ಮುಖ್ಯ ಕಾನ್ಫಿಗ್ ಫೈಲ್ ಒಂದನ್ನೇ ಹೋಸ್ಟ್‌ನಿಂದ ಬೈಂಡ್ ಮೌಂಟ್ ಮಾಡಿದೀನಿ (ಹೋಸ್ಟ್‌ನ ಫೈಲೇ ಕಂಟೇನರ್ ಒಳಗೂ ಕಾಣೋ ಹಾಗೆ). ಟಾಸ್ಕ್ ಓಡಿಸಿದ್ರೆ 'ಎರ್‌ನೋ 16, ಡಿವೈಸ್ ಆರ್ ರಿಸೋರ್ಸ್ ಬಿಸಿ' ಅಂತ ನಿಲ್ಲುತ್ತೆ. ಆನ್ಸಿಬಲ್ ತಾತ್ಕಾಲಿಕ ಫೈಲ್ ಬರೆದು ಹಳೇದರ ಮೇಲೆ ರೀನೇಮ್ ಮಾಡುತ್ತೆ, ಮೌಂಟ್ ಆದ ಫೈಲ್ ಮೇಲೆ ಅದು ನಡೆಯಲ್ಲ. ಕಾರಣ ಗೊತ್ತು, ದಾರಿ ಗೊತ್ತಾಗ್ತಿಲ್ಲ.

ಆಮೇಲೆ ಕಂಟೇನರ್ ಬದಲು ಹೋಸ್ಟ್‌ನಲ್ಲೇ ಆ ಫೈಲನ್ನ ಬರೆಸಿದೆ. ಟಾಸ್ಕ್ 'ಚೇಂಜ್ಡ್' ಅನ್ನುತ್ತೆ, ಆದ್ರೆ ಕಂಟೇನರ್ ಒಳಗೆ ಕ್ಯಾಟ್ ಮಾಡಿದ್ರೆ ಹಳೇ ಸಾಲುಗಳೇ. 'ಎಲ್‌ಎಸ್ -ಐ' ಹಾಕಿ ನೋಡಿದ್ರೆ ಎರಡೂ ಕಡೆ ಐನೋಡ್ ನಂಬರ್ (ಡಿಸ್ಕ್‌ನಲ್ಲಿ ಫೈಲನ್ನ ಗುರುತಿಸೋ ಸಂಖ್ಯೆ) ಬೇರೆ ಬೇರೆ, ಅಂದ್ರೆ ಕಂಟೇನರ್ ಇನ್ನೂ ಹಳೇ ಫೈಲನ್ನೇ ನೋಡ್ತಿದೆ. ಹಾಗಾಗಿ ಕಾನ್ಫಿಗ್ ಮತ್ತೆ ಓದು ಅನ್ನೋ ಹಪ್ ಸಿಗ್ನಲ್ ಕಳಿಸಿದ್ರೂ ಹಳೇ ಕಾನ್ಫಿಗ್ಗೇ ಲೋಡ್ ಆಗುತ್ತೆ. ಇಡೀ ಫೋಲ್ಡರ್ ಮೌಂಟ್ ಮಾಡಿದ್ರೆ ಇಮೇಜ್‌ನಲ್ಲಿರೋ ಮೈಮ್ ಟೈಪ್ಸ್ ಫೈಲ್ (ಫೈಲ್ ಬಗೆಗಳ ಪಟ್ಟಿ) ಮರೆಯಾಗಿ ಎಂಜಿನ್‌ಎಕ್ಸ್ ಏಳೋದೇ ಇಲ್ಲ. ಕಂಟೇನರ್ ಒಳಗಿನ ಟಾಸ್ಕ್‌ಗೆ 'ಅನ್‌ಸೇಫ್ ರೈಟ್ಸ್' (ರೀನೇಮ್ ಆಗದಿದ್ರೆ ಹಳೇ ಫೈಲ್ ಒಳಗೇ ನೇರ ಬರೆಯೋ ಆಪ್ಷನ್) ಆನ್ ಮಾಡಿದ್ರೆ ಕೆಲಸ ಆಗುತ್ತೆ, ಆದ್ರೆ ಬರೆಯೋ ಮಧ್ಯೆ ನಿಂತ್ರೆ ಅರ್ಧಂಬರ್ಧ ಫೈಲ್ ಉಳಿಯೋ ಭಯ.

ನನ್ನ ಪ್ರಶ್ನೆ: ಕಾನ್ಫಿಗನ್ನ ಬೇರೆ ಫೋಲ್ಡರ್‌ನಲ್ಲಿಟ್ಟು, ಆ ಫೋಲ್ಡರ್ ಮಾತ್ರ ಮೌಂಟ್ ಮಾಡಿ, ಒಳಗಿನ ಇನ್‌ಕ್ಲೂಡ್‌ಗಳಿಗೆ (ಬೇರೆ ಫೈಲ್ ಸೇರಿಸೋ ಸಾಲುಗಳು) ಪೂರ್ತಿ ಪಾತ್ ಬರೆದು, ಎಂಜಿನ್‌ಎಕ್ಸ್‌ಗೆ ಕಾನ್ಫಿಗ್ ಎಲ್ಲಿದೆ ಅಂತ ಹೇಳೋ '-ಸಿ' ಆಪ್ಷನ್‌ನಲ್ಲಿ ತೋರಿಸೋದು ಸರಿನಾ? ಅಥವಾ 'ವ್ಯಾಲಿಡೇಟ್' (ಹೊಸ ಫೈಲ್ ಜಾಗಕ್ಕೆ ಹಾಕೋ ಮೊದಲು ಪರೀಕ್ಷಿಸೋ ಆಪ್ಷನ್) ಜೊತೆ ಅನ್‌ಸೇಫ್ ರೈಟ್ಸೇ ಸಾಕಾ? ಪ್ರೊಡಕ್ಷನ್‌ನಲ್ಲಿ ಮಾಡಿದವರು ದಯವಿಟ್ಟು ತಿಳಿಸಿ.