ಲಸಿಕೆ ಹಾಕಿಸಿದ ಹಸುವಿಗೂ ಕಾಲುಬಾಯಿ ಜ್ವರ ಬರುವುದೇಕೆ?

ಪ್ರಶ್ನೆ (ಚನ್ನರಾಯಪಟ್ಟಣ ತಾಲ್ಲೂಕಿನ ಗೃಹಿಣಿ)

ನಮ್ಮ ಕೊಟ್ಟಿಗೆಯಲ್ಲಿ ಎರಡು ಸೀಮೆಹಸುಗಳು, ಹತ್ತು ತಿಂಗಳ ಒಂದು ಕಡಸು, ಎರಡು ತಿಂಗಳ ಒಂದು ಕರು ಮತ್ತು ಒಂದು ಜೊತೆ ಹಳ್ಳಿಕಾರ್ ಎತ್ತುಗಳಿವೆ. ದೊಡ್ಡ ಹಸು ಕರು ಹಾಕಿ ಎರಡು ತಿಂಗಳಾಗಿದೆ. ಚಿಕ್ಕದು ಈಗ ಏಳು ತಿಂಗಳ ಗಬ್ಬ, ಇನ್ನೇನು ಹಾಲು ಬತ್ತಿಸಬೇಕು. ಪಕ್ಕದ ಊರಿನಲ್ಲಿ ಮೂರು ದಿನಗಳಿಂದ ಎರಡು ಮನೆಗಳ ದನಗಳು ಮೇವು ಬಿಟ್ಟು, ಜೊಲ್ಲು ಸುರಿಸುತ್ತಾ, ಕುಂಟುತ್ತಾ ನಿಂತಿವೆ. ಕಾಲುಬಾಯಿ ಜ್ವರವೆಂದು ಪಶುವೈದ್ಯರು ಹೇಳಿದ್ದಾರೆ.

ಐದು ತಿಂಗಳ ಹಿಂದೆ ಊರಿಗೆ ಲಸಿಕೆ ಹಾಕುವವರು ಬಂದಾಗ ಎಲ್ಲಕ್ಕೂ ಹಾಕಿಸಿದೆವು, ದೊಡ್ಡ ಹಸುವೊಂದನ್ನು ಬಿಟ್ಟು. ಅದು ಆಗ ಗಬ್ಬವಾಗಿದ್ದೂ ಹಾಲು ಕೊಡುತ್ತಿತ್ತು. ಹಿಂದೊಮ್ಮೆ ಲಸಿಕೆಯಾದ ಮೇಲೆ ಹಾಲು ಇಳಿದದ್ದನ್ನು ನೆನೆದು ನಮ್ಮ ಅತ್ತೆಯವರು ಬೇಡವೆಂದರು, ನಾನೂ ಸುಮ್ಮನಾದೆ. ಈಗ ಕಾಯಿಲೆ ಬಿದ್ದಿರುವ ದನಗಳಲ್ಲಿ ಲಸಿಕೆ ಹಾಕಿಸಿಕೊಂಡ ಒಂದು ಕಡಸೂ ಇದೆ ಎಂದು ಕೇಳಿ ಅತ್ತೆಯವರು, "ಹಾಕಿಸಿದ್ದಕ್ಕೂ ಬಂತಲ್ಲ, ಏನು ಪ್ರಯೋಜನ?" ಎನ್ನುತ್ತಿದ್ದಾರೆ. ನನಗೆ ಉತ್ತರ ಹೇಳಲು ತಿಳಿಯಲಿಲ್ಲ. ಈಗ ಹಾಕಿಸಬಹುದೇ? ಗಬ್ಬದ ಹಸುವಿಗೆ ಕಂದು ಹಾಕುವ ಭಯವಿದೆಯೇ? ಚರ್ಮಗಂಟು ರೋಗಕ್ಕೆ ಹಾಕಿಸಿದ ಲಸಿಕೆ ಇದಕ್ಕೂ ಆಗುತ್ತದೆಯೇ? ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ 1 (ನಿವೃತ್ತ ಪಶುವೈದ್ಯ, ಹಾಸನ)

ತಾಯಿ, ಮೊದಲು ಸಣ್ಣ ಪ್ರಶ್ನೆಯನ್ನು ಮುಗಿಸುತ್ತೇನೆ. ಚರ್ಮಗಂಟು ರೋಗದ ವೈರಾಣು ಸಿಡುಬಿನ ಜಾತಿಯದು, ಅದಕ್ಕೆ ನಮ್ಮಲ್ಲಿ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಕಾಲುಬಾಯಿ ಜ್ವರದ ವೈರಾಣುವಿಗೂ ಅದಕ್ಕೂ ನಂಟಿಲ್ಲ, ಆದ್ದರಿಂದ ಒಂದರ ಲಸಿಕೆ ಇನ್ನೊಂದಕ್ಕೆ ಆಗುವುದಿಲ್ಲ.

ನಿಮ್ಮ ಅತ್ತೆಯವರ ಪ್ರಶ್ನೆ ನ್ಯಾಯವಾದದ್ದು. ನಾನು ನೌಕರಿಯಲ್ಲಿದ್ದಷ್ಟು ಕಾಲವೂ ಪ್ರತಿ ಊರಿನಲ್ಲಿ ಅದನ್ನು ಎದುರಿಸಿದ್ದೇನೆ. ಈ ವೈರಾಣುವಿನಲ್ಲಿ ಏಳು ಬಗೆಗಳಿವೆ. ಒಂದು ಬಗೆಯ ವಿರುದ್ಧ ಬಂದ ಶಕ್ತಿ ಇನ್ನೊಂದನ್ನು ತಡೆಯುವುದಿಲ್ಲ. ನಮ್ಮ ದೇಶದಲ್ಲಿ ಓಡಾಡುವ ಓ, ಎ ಮತ್ತು ಏಷ್ಯಾ-1 ಎಂಬ ಮೂರನ್ನೂ ಸೇರಿಸಿ ಈಗಿನ ಲಸಿಕೆ ತಯಾರಾಗುತ್ತದೆ. ಆದರೂ ಒಂದೇ ಬಗೆಯೊಳಗೆ ವೈರಾಣು ಸ್ವಲ್ಪಸ್ವಲ್ಪವೇ ಬದಲಾಗುತ್ತಿರುವುದರಿಂದ ರೋಗ ಎದ್ದಲ್ಲೆಲ್ಲ ನಾಲಿಗೆಯ ಬೊಕ್ಕೆಯ ಚರ್ಮದ ಮಾದರಿ ತೆಗೆದು ಪರೀಕ್ಷಿಸುತ್ತಿರಬೇಕಾಗುತ್ತದೆ. ಅದಕ್ಕಾಗಿಯೇ ಭುವನೇಶ್ವರದಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಇದೆ. ಪಕ್ಕದ ಊರಿನವರಿಗೆ ಹೇಳಿ, ಹುಣ್ಣು ಒಣಗುವ ಮುಂಚೆಯೇ ಮಾದರಿ ತೆಗೆಸಲಿ.

ಆದರೆ ಹಳ್ಳಿಗಳಲ್ಲಿ ಲಸಿಕೆ ಸೋತದ್ದು ಹೆಚ್ಚಾಗಿ ಇನ್ನೂ ಸರಳವಾದ ಕಾರಣಗಳಿಗೆ. ಈ ಲಸಿಕೆಯಲ್ಲಿರುವುದು ಸತ್ತ ವೈರಾಣು. ಅದು ರೋಗವನ್ನು ತರಲಾರದು, ಆದರೆ ಅದು ಕೊಡುವ ಶಕ್ತಿಯೂ ಬಹುಕಾಲ ನಿಲ್ಲದು. ಆರು ತಿಂಗಳ ಹೊತ್ತಿಗೆ ಕುಂದುತ್ತದೆ. ಮೊದಲ ಸಲ ಹಾಕಿಸಿಕೊಂಡ ಕಡಸಿಗೆ ತಿಂಗಳ ನಂತರ ಎರಡನೆಯ ಸೂಜಿ ಬೀಳಲೇಬೇಕು, ಇಲ್ಲದಿದ್ದರೆ ಶಕ್ತಿ ಬಲಿಯುವುದೇ ಇಲ್ಲ. ಪಕ್ಕದ ಊರಿನ ಕಡಸಿಗೆ ಎಷ್ಟು ಸಲ ಹಾಕಿತ್ತೆಂದು ವಿಚಾರಿಸಿ. ನಿಮ್ಮ ಕಡಸಿಗೂ ಒಂದೇ ಸಲ ಆಗಿರಬಹುದು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಟ್ಟು ತರಬೇಕು. ಬಿಸಿಲಿಗೆ ಸಿಕ್ಕರೂ ಕೆಡುತ್ತದೆ, ಐಸಿಗೆ ತಾಗಿ ಹೆಪ್ಪುಗಟ್ಟಿದರೂ ಕೆಡುತ್ತದೆ. ಇನ್ನು ಸೋಂಕು ಒಳಹೊಕ್ಕು ಲಕ್ಷಣ ಕಾಣಲು 2ರಿಂದ 14 ದಿನ ಬೇಕಾಗುವುದರಿಂದ, ಆ ನಡುವೆ ಲಸಿಕೆ ಬಿದ್ದ ದನ ಮರುವಾರ ಜೊಲ್ಲು ಸುರಿಸಿದರೆ ಜನ ಲಸಿಕೆಯನ್ನೇ ದೂರುತ್ತಾರೆ.

ಈಗ ನಿಮ್ಮ ಕೊಟ್ಟಿಗೆಯ ಮಾತು. ನನ್ನ ಚಿಂತೆ ಮುಖ್ಯವಾಗಿ ಎರಡು ತಿಂಗಳ ಕರುವಿನದು. ತಾಯಿಗೆ ಲಸಿಕೆಯಾಗಿದ್ದರೆ ಗಿಣ್ಣುಹಾಲಿನ ಮೂಲಕ ಕರುವಿಗೂ ರಕ್ಷಣೆ ಇಳಿದಿರುತ್ತಿತ್ತು. ಆ ರಕ್ಷಣೆ ಇರುವಾಗ ಲಸಿಕೆ ಸರಿಯಾಗಿ ಕೆಲಸ ಮಾಡದು ಎಂಬ ಕಾರಣಕ್ಕೇ ಕರುಗಳಿಗೆ ನಾಲ್ಕು ತಿಂಗಳ ಮೇಲೆ ಮೊದಲ ಸೂಜಿ ಹಾಕುವುದು. ನಿಮ್ಮ ಕರುವಿಗೆ ಆ ಪಾಲು ಬಂದಿರಲಾರದು. ಬೊಕ್ಕೆ ಕಾಣುವುದಕ್ಕೆ ಮುಂಚೆಯೇ ಸೋಂಕಿತ ಹಸುವಿನ ಹಾಲಿನಲ್ಲಿ ವೈರಾಣು ಇರುತ್ತದೆ. ಅದನ್ನು ಕುಡಿದ ಎಳೆಗರುವಿನ ಹೃದಯದ ಸ್ನಾಯುವಿಗೇ ಏಟು ಬಿದ್ದು, ಬಾಯಲ್ಲಿ ಒಂದು ಹುಣ್ಣೂ ಇಲ್ಲದೆ ಕರು ನಿಂತಲ್ಲೇ ಕುಸಿದದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ದೊಡ್ಡ ಹಸುವಿನಲ್ಲಿ ಜ್ವರ ಅಥವಾ ಹಾಲಿನ ಇಳಿತ ಸ್ವಲ್ಪ ಕಂಡರೂ ಕರುವನ್ನು ಬೇರೆ ಕಟ್ಟಿ, ಹಾಲನ್ನು ಕುದಿಸಿ ಆರಿಸಿ ಕುಡಿಸಿ. ಲಸಿಕೆಯಿಲ್ಲದ ತಾಯಿಯ ಕರುವಿಗೆ ರೋಗ ಹತ್ತಿರ ಬಂದಾಗ ನಾಲ್ಕು ತಿಂಗಳಿಗೆ ಮೊದಲೇ ಹಾಕುವುದೂ ಉಂಟು. ಅದನ್ನು ಕರುವನ್ನು ನೋಡಿದ ವೈದ್ಯರು ತೀರ್ಮಾನಿಸಲಿ.

ದೊಡ್ಡ ಹಸುವಿಗೆ ಇಂದೇ ಹಾಕಿಸಿ. ರಕ್ಷಣೆ ಮೂಡಲು ಸುಮಾರು ಒಂದು ವಾರವಾದರೂ ಬೇಕು, ಹೀಗಾಗಿ ಒಂದೊಂದು ದಿನವೂ ಲೆಕ್ಕಕ್ಕಿದೆ. ಗಬ್ಬದ ಹಸು ಕಂದು ಹಾಕುವುದಕ್ಕೆ ಲಸಿಕೆಗಿಂತ ರೋಗದ ಜ್ವರವೇ ದೊಡ್ಡ ಕಾರಣ. ಲಸಿಕೆಯ ಹೊತ್ತಿನಲ್ಲಿ ಕೆಡವಿ, ಹಗ್ಗ ಬಿಗಿದು ಗಾಬರಿಪಡಿಸದಂತೆ ನೋಡಿಕೊಳ್ಳಬೇಕು; ತುಂಬುಗಬ್ಬವಾದರೆ ಮಾತ್ರ ಕರು ಹಾಕುವವರೆಗೆ ಕಾಯುವ ರೂಢಿಯಿದೆ. ಏಳು ತಿಂಗಳೆಂದರೆ ವೈದ್ಯರು ಹಸುವನ್ನು ನೋಡಿಯೇ ಹೇಳಬೇಕು. ಪ್ರತಿ ದನಕ್ಕೂ ಹೊಸ ಸೂಜಿ ಬಳಸಿ ಎಂದು ಕೇಳಲು ಸಂಕೋಚಪಡಬೇಡಿ. ಆಸ್ಪತ್ರೆ ದೂರವಿದ್ದರೆ ಪಶುಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಉತ್ತರ 2 (ಕಡೂರು ಕಡೆಯ ರೈತ)

ಅಕ್ಕಾ, ಡಾಕ್ಟರು ಹೇಳಿದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. 2013ರಲ್ಲಿ ದಕ್ಷಿಣ ಕರ್ನಾಟಕದಲ್ಲೆಲ್ಲ ಈ ರೋಗ ಹಬ್ಬಿದಾಗ ನಮ್ಮ ಮನೆಯಲ್ಲಿ ಎರಡು ಮಿಶ್ರತಳಿ ಹಸುಗಳಿಗೆ ಬಂತು. ಒಂದು ಸತ್ತಿತು. ಇನ್ನೊಂದು ಬದುಕಿತು, ಆದರೆ ಬಾಯಿ, ಗೊರಸು ಎಲ್ಲ ಮಾಸಿದ ಮೇಲೂ ಬಿಸಿಲೇರಿದರೆ ಸಾಕು, ನಾಲಿಗೆ ಚಾಚಿ ತೇಕುತ್ತಿತ್ತು. ಮೈಮೇಲೆ ಉದ್ದ ಕೂದಲು ಬೆಳೆಯಿತು, ಬೆದೆಗೂ ಸರಿಯಾಗಿ ಬರಲಿಲ್ಲ. ಹನ್ನೆರಡು ಲೀಟರ್ ಕೊಡುತ್ತಿದ್ದ ಹಸು ನಾಲ್ಕಕ್ಕೆ ಇಳಿದು ಮತ್ತೆ ಏಳಲಿಲ್ಲ. ಲಸಿಕೆಯಿಂದ ಎರಡು ದಿನ ಇಳಿಯುವ ಹಾಲಿನ ಲೆಕ್ಕವನ್ನು ನಿಮ್ಮ ಅತ್ತೆಯವರು ಇದರ ಪಕ್ಕದಲ್ಲಿಟ್ಟು ನೋಡಲಿ.

ನಾಟಿ ದನಕ್ಕೆ ಈ ರೋಗ ತಟ್ಟುವುದಿಲ್ಲ ಎಂಬ ಮಾತು ಅಜ್ಜಂಪುರದ ಸುತ್ತಮುತ್ತ, ಅಮೃತಮಹಲ್ ರಾಸುಗಳನ್ನು ಕಂಡು ಬೆಳೆದ ನಮ್ಮಲ್ಲೂ ಇದೆ. ಅದು ತಪ್ಪು. ನಾಟಿಗೆ ಹಗುರವಾಗಿ ಬಂದು ಹೋಗುತ್ತದೆ, ನಮ್ಮ ಕಣ್ಣಿಗೆ ಬೀಳದಿರಬಹುದು, ಆದರೆ ಪಕ್ಕದಲ್ಲಿ ಕಟ್ಟಿದ ಸೀಮೆಹಸುವಿಗೆ ಅದೇ ಹಂಚುತ್ತದೆ. ನಮ್ಮ ಮನೆಗೆ ರೋಗ ಬಂದದ್ದೂ ಜಾತ್ರೆಯಿಂದ ತಂದು ಅದೇ ದಿನ ಕೊಟ್ಟಿಗೆಗೆ ಹೊಡೆದ ಎತ್ತಿನ ಜೊತೆಯಿಂದಲೇ ಎಂದು ನಾನು ನಂಬಿದ್ದೇನೆ. ನಿಮ್ಮ ಹಳ್ಳಿಕಾರ್ ಜೊತೆಯನ್ನು ಸದ್ಯಕ್ಕೆ ಬಾಡಿಗೆ ಉಳುಮೆಗೆ ಕಳಿಸಬೇಡಿ, ಊರ ಕೆರೆಯಲ್ಲಿ ನೀರು ಕುಡಿಸಬೇಡಿ. ಈಗ ನಾವು ಹೊಸ ದನ ತಂದರೆ ಮೂರು ವಾರ ತೋಟದಲ್ಲೇ ಬೇರೆ ಕಟ್ಟುತ್ತೇವೆ.

ಉತ್ತರ 3 (ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಹೊಳೆನರಸೀಪುರ ತಾಲ್ಲೂಕು)

ಈ ವೈರಾಣು ಗಾಳಿಯಲ್ಲಿ ಹೋಗುತ್ತದೆ ನಿಜ, ಆದರೆ ನಮ್ಮ ಕೈ, ಕಾಲು, ಕ್ಯಾನುಗಳ ಮೇಲೆ ಅದಕ್ಕಿಂತ ಸುಲಭವಾಗಿ ಹೋಗುತ್ತದೆ. ಎರಡೂ ಊರಿನವರು ಹಾಲು ಹಾಕಲು ಒಂದೇ ಡೈರಿಗೆ ಬರುತ್ತಿದ್ದರೆ ಅಲ್ಲಿನ ಕೆಸರೇ ಸಾಕು. ಮನೆಗೆ ಬಂದ ಕೂಡಲೇ ಚಪ್ಪಲಿಯನ್ನು ಹೊರಗೇ ಬಿಟ್ಟು, ಕೈಕಾಲು ತೊಳೆದು ಕೊಟ್ಟಿಗೆಗೆ ಹೋಗಿ. ಹತ್ತು ಲೀಟರ್ ನೀರಿಗೆ 400 ಗ್ರಾಂ ಬಟ್ಟೆ ಒಗೆಯುವ ಸೋಡಾ ಕರಗಿಸಿ ಬಾಗಿಲ ಬಳಿಯ ಗೋಣಿಚೀಲವನ್ನು ನೆನೆಸಿಟ್ಟು, ಅದರ ಮೇಲೆ ತುಳಿದೇ ಒಳಗೆ ಹೋಗುವಂತೆ ಮಾಡಿ. ಈ ವೈರಾಣು ಹುಳಿಯನ್ನೂ ಸಹಿಸದು, ಕ್ಷಾರವನ್ನೂ ಸಹಿಸದು. ಕಾಯಿಲೆ ಬಿದ್ದ ಮನೆಗೆ ನೋಡಲೆಂದು ಹೋಗಬೇಡಿ. ಇದು ನಮ್ಮ ಕಡೆ ಕಷ್ಟದ ಮಾತೆಂದು ನನಗೆ ಗೊತ್ತಿದೆ, ಫೋನಿನಲ್ಲೇ ವಿಚಾರಿಸಿಕೊಳ್ಳಿ. ಕೃತಕ ಗರ್ಭಧಾರಣೆಗೆ ಬರುವವರು ಯಾವ ಊರಿನಿಂದ ಬಂದರೆಂದು ಕೇಳಿಯೇ ಒಳಗೆ ಬಿಡಿ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ನಮಸ್ಕಾರ. ಅಂದೇ ಸಂಜೆ ವೈದ್ಯರು ಬಂದು ದೊಡ್ಡ ಹಸು, ಕಡಸು ಮತ್ತು ಎತ್ತುಗಳಿಗೆ ಹಾಕಿದರು; ಗಬ್ಬದ ಹಸುವನ್ನು ಪರೀಕ್ಷಿಸಿ ಅದಕ್ಕೂ ನಿಂತಂತೆಯೇ ಹಾಕಿದರು. ಕರುವಿಗೂ ಹಾಕಿದ್ದಾರೆ. ದೊಡ್ಡ ಹಸುವಿನ ಹಾಲು ಒಂಬತ್ತು ಲೀಟರಿನಿಂದ ಏಳೂವರೆಗೆ ಇಳಿದು, ನಾಲ್ಕನೆಯ ದಿನ ಮತ್ತೆ ಒಂಬತ್ತಾಯಿತು. ಅಳೆದು ನೋಡಿದವರು ಅತ್ತೆಯವರೇ. ಪಕ್ಕದ ಊರಿನ ಕಡಸಿಗೆ ಒಂದೇ ಸಲ ಲಸಿಕೆಯಾಗಿತ್ತಂತೆ, ನಮ್ಮದಕ್ಕೂ ಹಾಗೇ. ಇದುವರೆಗೆ ನಮ್ಮ ಬೀದಿಗೆ ರೋಗ ಬಂದಿಲ್ಲ. ಕರುವಿಗೆ ಮುಂದಿನ ಸೂಜಿ ಯಾವಾಗ?

ಉತ್ತರ 4 (ನಿವೃತ್ತ ಪಶುವೈದ್ಯ, ಹಾಸನ)

ಕರುವಿಗೂ ಕಡಸಿಗೂ ಈ ಸಲ ಲಸಿಕೆ ಹಾಕಿದ ದಿನದಿಂದ ಒಂದು ತಿಂಗಳಿಗೆ ಮತ್ತೊಂದು ಸೂಜಿ. ಆಮೇಲೆ ಊರಿಗೆಲ್ಲ ಹಾಕುವ ಸುತ್ತಿನಲ್ಲಿ ಆರು ತಿಂಗಳಿಗೊಮ್ಮೆ. 14 ದಿನ ಮುಗಿಯಲು ನಿಮಗಿನ್ನೂ ಎರಡು ದಿನ ಬಾಕಿಯಿದೆ, ಪಕ್ಕದ ಊರಿನಲ್ಲಿ ಹೊಸ ದನ ಬಿದ್ದರೆ ಎಣಿಕೆ ಮತ್ತೆ ಮೊದಲಿನಿಂದ. ಬಾಗಿಲ ಗೋಣಿಚೀಲವನ್ನು ಈಗಲೇ ತೆಗೆಯಬೇಡಿ.