ಅಪ್ಪನ ಹಾರ್ಮೋನಿಯಂ ಪೇಟಿಯೊಳಗೆ ಪೆನ್ಸಿಲ್‌ನಲ್ಲಿ ಬರೆದಿದ್ದು ಯಾರಿಗಾದರೂ ಅರ್ಥ ಆಗುತ್ತಾ?

ಇಳಕಲ್ ಮಗಳು:

ನಮಸ್ಕಾರ. ನಮ್ಮದು ಇಳಕಲ್. ಅಪ್ಪ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಸೀರೆ ನೇಯುತ್ತಿದ್ದರು. ರಾತ್ರಿ ಭಜನೆಗೆ ಪೇಟಿ ಬಾರಿಸುತ್ತಿದ್ದರು. ಹೋದ ಶ್ರಾವಣದಲ್ಲಿ ತೀರಿಕೊಂಡರು. ವರ್ಷದ ಕಾರ್ಯದಲ್ಲಿ ಓದಲು ಎರಡು ಪುಟ ಬರೆ ಅಂತ ಅಣ್ಣ ನನಗೆ ಹಚ್ಚಿದ್ದಾನೆ. ಕೂತರೆ "ಅವರು ಬಹಳ ಸರಳ ಜೀವಿ" ಅನ್ನೋ ಸಾಲೇ ಬರುತ್ತದೆ. ಅಪ್ಪ ಸರಳ ಏನೂ ಇರಲಿಲ್ಲ. ಚಹಾದಲ್ಲಿ ಸಕ್ಕರೆ ಕಮ್ಮಿಯಾದರೆ ಮಧ್ಯಾಹ್ನದವರೆಗೆ ಮಾತಾಡುತ್ತಿರಲಿಲ್ಲ.

ಬರೆಯೋದು ಆಗದೆ ಮೊನ್ನೆ ಸುಮ್ನೆ ಪೇಟಿ ಒರೆಸಲು ತೆಗೆದೆ. ಮೇಲಿನ ಹಲಗೆ ಎತ್ತಿದರೆ ಅದರ ಒಳಮೈಗೆ ಅಪ್ಪನ ಅಕ್ಷರ:

ಬಿ1 – ಬಡಿಗ್ಯಾ
ಕ2 – ಕಿರಾಣಿ (ಕ2 ಹೊಡೆದು ಬಿ2, ಅದನ್ನೂ ಹೊಡೆದು ಕ1)
ಬಿ3 – ಹೂಗಾರ
ಕ4 – ಇಕಿ

ಮೊದಲು ನೂಲಿನ ಲೆಕ್ಕ ಅಂದುಕೊಂಡೆ. ಕರಿ ನೂಲು, ಬಿಳಿ ನೂಲು. ಆದರೆ ಕಿರಾಣಿ ಅಂಗಡಿಯವರಿಗೆ ನೂಲು ಯಾಕೆ? ಇನ್ನೊಂದು ತೊಂದರೆ. ನಡುವಿನ ಒಂದು ಸ್ವರ ಕೈ ತೆಗೆದರೂ ಕುಂಯ್ ಅಂತ ಕೂಗುತ್ತಲೇ ಇರುತ್ತದೆ. ರಿಪೇರಿಗೆ ಎಲ್ಲಿ ಕೊಡಲಿ?

ಪೇಟಿ ರಿಪೇರಿ, ಬೆಳಗಾವಿ:

ಅಕ್ಕಾ, ಅದು ನೂಲಿನ ಲೆಕ್ಕ ಅಲ್ಲ, ಗಂಟಲಿನ ಲೆಕ್ಕ. ಪೇಟಿಯ ಕರಿ, ಬಿಳಿ ಮನೆಗಳನ್ನು ಎಣಿಸಿ ಶ್ರುತಿಗೆ ಕರಿ ಒಂದು, ಕರಿ ಎರಡು, ಬಿಳಿ ಒಂದು ಅಂತ ಹೇಳುತ್ತೇವೆ. ಬಡಿಗೇರ ಬಿಳಿ ಒಂದರಲ್ಲಿ ಹಾಡುತ್ತಿದ್ದರು, ಹೂಗಾರ ಬಿಳಿ ಮೂರರಲ್ಲಿ. ಭಜನೆಯಲ್ಲಿ ಹಾಡೋರಿಗೆ ತಮ್ಮ ಶ್ರುತಿ ಯಾವುದು ಅಂತ ಗೊತ್ತಿರಲ್ಲ, ಎದ್ದು ಶುರು ಮಾಡಿಬಿಡುತ್ತಾರೆ. ಬಾರಿಸೋನು ಹುಡುಕಬೇಕು. ನಿಮ್ಮ ತಂದೆ ಮೊದಲೇ ಬರೆದಿಟ್ಟುಕೊಂಡಿದ್ದಾರೆ. ಕರಿ ನಾಲ್ಕು ಮಾತ್ರ ಹೆಣ್ಣು ದನಿ ಇರಬೇಕು, ಗಂಡಸರು ಅಷ್ಟು ಮೇಲೆ ಹಾಡೋದು ಕಮ್ಮಿ.

ಕುಂಯ್ ಅನ್ನೋದಕ್ಕೆ ಸದ್ಯ ಎಲ್ಲಿಗೂ ಕೊಡಬೇಡಿ. ಸ್ವರದ ತೂತು ಮುಚ್ಚುವ ಕಟ್ಟಿಗೆ ಪಟ್ಟಿ ಪೂರ್ತಿ ಕೂರುತ್ತಿಲ್ಲ, ಅಷ್ಟೇ. ಸ್ಪ್ರಿಂಗ್ ಸಡಿಲ ಆಗಿರಬೇಕು, ಇಲ್ಲ ಕಸ ಸಿಕ್ಕಿರಬೇಕು. ನೇಕಾರರ ಮನೆಯ ಪೇಟಿ ಅಂದಮೇಲೆ ನೂಲಿನ ಜುಂಗೇ ಇರುತ್ತೆ, ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಿರಿ. ಗಾಳಿಗೆ ನಡುಗಿ ನಾದ ಕೊಡುವ ಹಿತ್ತಾಳೆ ಸ್ವರಗಳಿಗೆ (ರೀಡ್) ಮಾತ್ರ ಬ್ಲೇಡು ಹಚ್ಚಬೇಡಿ. ನಾಲಿಗೆಯ ತುದಿ ಕೆರೆದರೆ ಶ್ರುತಿ ಏರುತ್ತೆ, ಬುಡ ಕೆರೆದರೆ ಇಳಿಯುತ್ತೆ, ಕೆರೆದ ಹಿತ್ತಾಳೆ ವಾಪಸ್ ಬರಲ್ಲ.

ಪೇಟಿ ವಾದಕ ಪಂಡಿತ ರಾಮಭಾವು ವಿಜಾಪುರೆ ಬಾಳಿದ ಊರಿನವನು ನಾನು, ಹಾಗಾಗಿ ಒಂದು ಮಾತು ಜಾಸ್ತಿ ಆಡುತ್ತೇನೆ. 1940ರಿಂದ 1971ರವರೆಗೆ ಆಕಾಶವಾಣಿಯವರು ಪೇಟಿಯನ್ನು ಬಾಗಿಲೊಳಗೆ ಬಿಟ್ಟಿರಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರಲು ಬರಲ್ಲ ಅಂತ. ನಮ್ಮ ಕಡೆಯ ಭಜನೆಯವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ ಬಿಡಿ. ಆ ಪೆನ್ಸಿಲ್ ಬರಹ ಒರೆಸಬೇಡಿ ಮತ್ತೆ.

ಕಿರಾಣಿ ಮಗ:

ಪೇಟಿ ಮಾಸ್ತರ್ ಮಗಳಾ ನೀವು? ಆ ಕಿರಾಣಿ ನಮ್ಮಪ್ಪ. ವಯಸ್ಸಾದಂತೆ ಅವರ ದನಿ ಇಳಿಯುತ್ತಾ ಬಂತು. ಮನೆಯಲ್ಲಿ ಯಾರೂ ಗಮನಿಸಲಿಲ್ಲ, ಅಪ್ಪನೂ ಒಪ್ಪುತ್ತಿರಲಿಲ್ಲ. "ನಂದು ಇನ್ನೂ ಕರಿ ಎರಡ" ಅನ್ನುತ್ತಿದ್ದರು. ಮಾಸ್ತರ್ ಹೂಂ ಅಂದು ಕೆಳಗಿನ ಶ್ರುತಿ ಹಿಡಿಯುತ್ತಿದ್ದರು ಅಂತ ಇವತ್ತು ಗೊತ್ತಾಯಿತು. ಅಪ್ಪ ಕೊನೇವರೆಗೂ ಕರಿ ಎರಡು ಅಂದುಕೊಂಡೇ ಹಾಡಿದರು.

ಒಂದು ಬರೆದುಕೊಳ್ಳಿ. ಪೇಟಿ ಬಾರಿಸುವಾಗ ಚಕ್ಕಳಮಕ್ಕಳ ಹಾಕಿ ಕೂತಿದ್ದರೂ ಅವರ ಕಾಲಿನ ಹೆಬ್ಬೆರಳು ಒತ್ತಿ ಬಿಡುತ್ತಿದ್ದವು. ಎಡ, ಬಲ, ಎಡ, ಬಲ. ಮಗ್ಗ ತುಳಿದ ಹಾಗೆ. ನಾವು ಹುಡುಗರು ಅದನ್ನೇ ನೋಡಿ ನಗುತ್ತಿದ್ದೆವು.

ಲಾಳಿ:

ಎಲ್ಲರೂ ಪೇಟಿ ಪೇಟಿ ಅಂತೀರಿ. ಮನೆ ನಡೆದದ್ದು ಮಗ್ಗದ ಮೇಲೆ. ಅದನ್ನೂ ಬರೆಯವ್ವಾ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಳಕಲ್ ಸೀರೆಯ ಮೈಯ ಹಾಸು (ಮಗ್ಗಕ್ಕೆ ಉದ್ದಕ್ಕೆ ಹಾಸುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಒಂದು ಸೀರೆ ಮುಗಿದರೆ ಮುಂದಿನದಕ್ಕೆ ಮತ್ತೆ ಮೊದಲಿಂದ. ಒಬ್ಬನ ಕೈಯಲ್ಲಿ ಆಗೋ ಕೆಲಸ ಅಲ್ಲ. ನನ್ನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಾಗ ನಿಮ್ಮಪ್ಪ ತನ್ನ ಮಗ್ಗ ನಿಲ್ಲಿಸಿ ಮೂರು ಸಂಜೆ ನನ್ನ ಜೊತೆ ಕೊಂಡಿಗೆ ಕೂತ. ದುಡ್ಡು ಮುಟ್ಟಲಿಲ್ಲ. ಮೂರು ದಿನವೂ ಬೈದ. "ಸೆರಗಿನ ಬುಡದಾಗ ಎಳಿ ಬಿಟ್ಟರ ಉಟ್ಟಾಕಿ ನಿನ್ನ ಬೈತಾಳ, ನನ್ನಲ್ಲ" ಅಂತ.

ನಿಮ್ಮಣ್ಣನನ್ನು ಮಗ್ಗಕ್ಕೆ ಕೂರಿಸೋಣ ಅಂತ ನಾನೇ ಒಮ್ಮೆ ಹೇಳಿದ್ದೆ. "ಆ ಕುಣಿಯಾಗ ನನ್ನ ಕಾಲು ಸಾಕು" ಅಂದ. ಆ ವಾರವೇ ಸಾವಕಾರ ದಡಿಯಲ್ಲಿ ಒಂದು ಎಳೆ ತಪ್ಪಿದ್ದಕ್ಕೆ ಮಜೂರಿ ಮುರಿದಿದ್ದ.

ಇಳಕಲ್ ಮಗಳು:

ಎಲ್ಲರಿಗೂ ಶರಣು. ಲಾಳಿ ಕಾಕಾ, ನೀವು ಯಾರು ಅಂತ ಆ ಬೈಗುಳದಿಂದಲೇ ಗೊತ್ತಾಯಿತು. ಸರಳ ಜೀವಿ ಸಾಲು ಹೊಡೆದು ಹಾಕಿದ್ದೇನೆ.

ಬ್ರಷ್ ಹಾಕಿದೆ. ಪಟ್ಟಿಯ ಕೆಳಗೆ ಸಿಕ್ಕಿದ್ದು ಬೆರಳುದ್ದದ ಕೆಂಪು ರೇಷ್ಮೆ ಎಳೆ. ಸೆರಗಿನದೇ. ಕುಂಯ್ ನಿಂತಿತು.

"ಇಕಿ" ಯಾರು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಪ್ಪ ಅವ್ವನ ಹೆಸರು ಹಿಡಿದದ್ದು ನಾನು ಕೇಳಿಯೇ ಇಲ್ಲ. ಓದಿ ಹೇಳಿದರೆ ಅವ್ವ, "ನಾ ಯಾವಾಗ ಹಾಡೇನಿ? ಭಜನಿಗಿ ಹೋದಾಕಿನೂ ಅಲ್ಲ" ಅಂದಳು. ನಿಜ. ಅವಳು ಹಾಡುತ್ತಿದ್ದದ್ದು ರಾಟಿ ಮುಂದೆ ಕೂತು ಕಂಡಿಕೆ ಸುತ್ತುವಾಗ. ಅದೂ ಬಾಯಿಯೊಳಗೇ. ಅಪ್ಪನ ಮಗ್ಗದ ಸಪ್ಪಳದಲ್ಲಿ ಪಕ್ಕದಲ್ಲಿದ್ದ ನಮಗೂ ಪದ ತಿಳಿಯುತ್ತಿರಲಿಲ್ಲ.

ನನಗೆ ಪೇಟಿ ಬಾರಿಸಲು ಬರಲ್ಲ. ಸುಮ್ನೆ ಕರಿ ನಾಲ್ಕು ಎಣಿಸಿ ಒತ್ತಿ ಹಿಡಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯೋ ಸದ್ದು ನಿಂತಿತು. ಆಮೇಲೆ ಅವ್ವ ಅಲ್ಲಿಂದಲೇ ಕೂಗಿದಳು: "ತಿದಿ ಸಾವಕಾಶ ಒತ್ತು, ಹರದೀತು."