ಕ್ಯಾಶುಯಾಲ್ಟಿಯಲ್ಲಿ ಬಿಪಿ ‘ಹತ್ತು ವರ್ಷದಿಂದ’ ಅಂತ ಬರೆಸಿಬಿಟ್ಟಿದ್ದಾರೆ, ಕ್ಯಾಶ್‌ಲೆಸ್ ನಿಂತಿದೆ, ಏನು ಮಾಡಲಿ?

ಹಾಸನದ_ಸೊಸೆ
ಐಸಿಯು ಹೊರಗೆ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಮೊನ್ನೆ ರಾತ್ರಿ ಊಟ ಆದ ಮೇಲೆ ನಮ್ಮ ಮನೆಯವರಿಗೆ (46 ವರ್ಷ) ಎದೆ ಉರಿ, ಎಡಗೈ ಸೆಳೆತ. ಗ್ಯಾಸ್ಟ್ರಿಕ್ ಅಂತ ಅವರೂ ಅಂದರು, ನಾನೂ ಜೀರಿಗೆ ನೀರು ಕಾಯಿಸಿ ಕೊಟ್ಟೆ. ಒಂದು ಗಂಟೆ ಹಾಗೇ ಹೋಯಿತು. ಬೆವರಿಗೆ ಬನಿಯನ್ ಪೂರ್ತಿ ಒದ್ದೆಯಾದಾಗ ಮೈದುನ ಕಾರು ತೆಗೆದ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ನೋಡಿ ಹಾರ್ಟ್ ಅಟ್ಯಾಕ್ ಅಂದರು, ಗಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟರು, ಒಂದು ರೂಪಾಯಿ ಕೇಳಲಿಲ್ಲ. ಅಲ್ಲಿಂದ ಮೈಸೂರಿಗೆ, ಒಂದು ಖಾಸಗಿ ಆಸ್ಪತ್ರೆಗೆ. ನಿನ್ನೆ ಒಂದು ಸ್ಟೆಂಟ್ ಹಾಕಿದ್ದಾರೆ, ಮಾತಾಡುತ್ತಿದ್ದಾರೆ, ಕಾಫಿ ಕೇಳಿದರು.

ಈಗ ತೊಂದರೆ ಬೇರೆ. ಕ್ಯಾಶುಯಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ‘ಬಿಪಿ ಎಷ್ಟು ವರ್ಷದಿಂದ’ ಅಂದಾಗ ಮೈದುನ ಗಾಬರಿಯಲ್ಲಿ ‘ಹತ್ತು ವರ್ಷ ಇರಬಹುದು’ ಅಂದನಂತೆ. ಅದು ನಮ್ಮ ಮಾವನ ಬಿಪಿ! ಇವರಿಗೆ ಬಂದು ಎರಡು ವರ್ಷ ಅಷ್ಟೇ. ಆರೋಗ್ಯ ವಿಮೆ ಪಾಲಿಸಿ ತೆಗೆದು ನಾಲ್ಕು ವರ್ಷ. ಪಾಲಿಸಿ ತೆಗೆಯುವಾಗ ಬಿಪಿ ಮುಚ್ಚಿಟ್ಟಿದ್ದೀರಿ ಅಂತ ವಿಮಾ ಕಂಪನಿಯವರು, ಆಸ್ಪತ್ರೆಗೆ ನೇರವಾಗಿ ತಾವೇ ಬಿಲ್ ಕೊಡುವ ಕ್ಯಾಶ್‌ಲೆಸ್ ಬೇಡ ಅಂದಿದ್ದಾರೆ. ಮೈದುನ ನಿನ್ನೆಯಿಂದ ಊಟ ಮುಟ್ಟಿಲ್ಲ.

ಕಾಫಿತೋಟ
ಖಾಸಗಿಗೆ ಯಾಕೆ ಹೋದಿರಿ, ಮೈಸೂರಲ್ಲೇ ಜಯದೇವ ಇತ್ತಲ್ವಾ?

ನೈಟ್‌ಶಿಫ್ಟ್_ಸಿಸ್ಟರ್
@ಕಾಫಿತೋಟ, ರಾತ್ರಿ ಹೊತ್ತು ಗಂಡನನ್ನು ಆಂಬುಲೆನ್ಸ್‌ನಲ್ಲಿ ಮಲಗಿಸಿಕೊಂಡು ಹೋಗುವವರಿಗೆ ಈ ಪ್ರಶ್ನೆ ಕೇಳಬಾರದು.
ಅಕ್ಕಾ, ಆ ಇಂಜೆಕ್ಷನ್ ಟೆನೆಕ್ಟೆಪ್ಲೇಸ್ ಇರಬೇಕು, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ. ಅಪ್ಪು ಹೋದಾಗ ಅವರಿಗೂ 46. ಜೀರಿಗೆ ನೀರಿನ ಬಗ್ಗೆ ಕೊರಗಬೇಡಿ, ನಮ್ಮ ವಾರ್ಡಿಗೆ ಬರುವ ಅರ್ಧ ಜನ ಮೊದಲು ಸೋಡಾ ಕುಡಿದೇ ಬಂದಿರುತ್ತಾರೆ. ಒಂದು ಮಾತ್ರ ನೆನಪಿಡಿ, ರಕ್ತ ತೆಳು ಮಾಡುವ ಎರಡು ಮಾತ್ರೆ ಬರೆದುಕೊಡುತ್ತಾರೆ, ಸಾಮಾನ್ಯವಾಗಿ ಒಂದು ವರ್ಷ. ಹಲ್ಲು ಕೀಳಿಸಬೇಕು ಅಂತ ಯಾರೋ ನಿಲ್ಲಿಸಿ ಅಂದರೂ ಹಾರ್ಟ್ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಹಳೇ_ಟಿಪಿಎ
ಹನ್ನೊಂದು ವರ್ಷ ವಿಮೆ ಕ್ಲೇಮ್ ನೋಡುವ ಡೆಸ್ಕಿನಲ್ಲೇ ಕೂತಿದ್ದೆ, ‘ಹತ್ತು ವರ್ಷ ಇರಬಹುದು’ ಅನ್ನುವ ಮಾತನ್ನು ನೂರಾರು ಕೇಸ್ ಶೀಟಿನಲ್ಲಿ ನೋಡಿದ್ದೇನೆ. ಮೊದಲು ಬಿಪಿ ಪತ್ತೆಯಾದ ದಿನದ ಚೀಟಿ ಹುಡುಕಿ, ಅದೇ ನಿಮ್ಮ ಅಸಲು ಸಾಕ್ಷಿ. ಆಮೇಲೆ ಈಗ ನೋಡುತ್ತಿರುವ ಡಾಕ್ಟರಿಗೆ ಆ ಚೀಟಿ ತೋರಿಸಿ, ‘ಮೊದಲು ಹೇಳಿದ್ದು ರೋಗಿಯಲ್ಲ, ಜೊತೆಗೆ ಬಂದವರು, ಬಿಪಿ ಇಂಥ ತಿಂಗಳಿನಿಂದ’ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಕೇಸ್ ಶೀಟ್ ತಿದ್ದಿಸಲು ಮಾತ್ರ ಹೋಗಬೇಡಿ, ಬಿಳಿ ಇಂಕ್ ಕಂಡರೆ ಇನ್ನೂ ಅನುಮಾನ ಪಡುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲೂ ಹತ್ತು ವರ್ಷ ಅಂತಲೇ ಟೈಪ್ ಆಗಿರುತ್ತದೆ, ಸಹಿ ಆಗುವ ಮುಂಚೆಯೇ ಓದಿ.

ಇನ್ನೊಂದು, ಕ್ಯಾಶ್‌ಲೆಸ್ ಬೇಡ ಅಂದರೆ ಕ್ಲೇಮ್ ಸತ್ತಿತು ಅಂತಲ್ಲ. ಬಿಲ್ ನೀವೇ ಕಟ್ಟಿ, ಆ ದುಡ್ಡು ವಾಪಸ್ ಕೇಳುವ ರಿಇಂಬರ್ಸ್‌ಮೆಂಟ್ ಹಾಕಬಹುದು. ಸ್ಟೆಂಟ್ ಡಬ್ಬಿಯ ಸ್ಟಿಕ್ಕರ್, ಆಂಜಿಯೋ ಸಿಡಿ, ತಾಲ್ಲೂಕು ಆಸ್ಪತ್ರೆಯ ಇಸಿಜಿ (ಜೆರಾಕ್ಸ್ ಮಾಡಿಸಿಡಿ, ಆ ಕಾಗದದ ಅಕ್ಷರ ಮಾಸಿಹೋಗುತ್ತದೆ) ಜೋಪಾನ. ಅಲ್ಲೂ ಬೇಡ ಅಂದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳು ಕಳೆದರೂ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಫೀಸೂ ಇಲ್ಲ, ವಕೀಲರೂ ಬೇಕಿಲ್ಲ. 2024ರ ನಿಯಮದಲ್ಲಿ ಪಾಲಿಸಿಗೂ ಮುಂಚಿನ ಹಳೇ ಕಾಯಿಲೆಗೆ ಕ್ಲೇಮ್ ಕೊಡದೆ ಕಾಯಿಸುವ ಅವಧಿ ಮೂರು ವರ್ಷಕ್ಕೆ ಇಳಿದಿದೆ, ಆದರೆ ನಿಮ್ಮ ಜಗಳ ಅದಲ್ಲ. ಮುಚ್ಚಿಟ್ಟಿಲ್ಲ ಅಂತ ತೋರಿಸುವುದು ನಿಮ್ಮ ಕೆಲಸ, ಅದನ್ನು ಮಾಡುವುದು ಆ ಚೀಟಿ.

ಹಾಸನದ_ಸೊಸೆ
ಚೀಟಿ ಸಿಕ್ಕಿತು! ಪಕ್ಕದ ಮನೆ ಆಂಟಿ ಬೀಗ ತೆಗೆದು ಹುಡುಕಿದರು, ಬೈಕಿನ ಆರ್‌ಸಿ ಕವರಿನಲ್ಲಿ ಮಡಚಿಟ್ಟಿದ್ದರಂತೆ. ಡಾಕ್ಟರು ನಾಳೆ ರೌಂಡ್ಸ್‌ಗೆ ಬಂದಾಗ ಬರೆದುಕೊಡುತ್ತೇನೆ ಅಂದಿದ್ದಾರೆ. ‘ನೂರಾರು ಕೇಸ್ ಶೀಟಿನಲ್ಲಿ’ ಅಂದಿರಲ್ಲ ಸರ್, ಆ ಸಾಲನ್ನು ಮೈದುನನಿಗೆ ಓದಿಸಿದೆ. ಈಗ ಕೆಳಗೆ ಕ್ಯಾಂಟೀನಿಗೆ ಹೋಗಿದ್ದಾನೆ.